ಬಾಯಿಕಟ್ಟಿನ ತಗಡು

"ಪೆಟ್ಗೆ ಬೇಕಾರೆ ತಕ್ಕೊಂಡೋಗಿ ಸಾ. ತಳದಾಗಿರೋ ತಗಡು ಮಾತ್ರ ಮುಟ್ಬ್ಯಾಡಿ. ಬಾಯಿಕಟ್ಟಿನ ತಗಡು ಕಣ್ ಸಾ ಅದು."

ಇಷ್ಟು ಹೇಳಿ ಅದೇ ಬೀದಿಯ ಹೊನ್ನಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಿರಿಧರ ಹೊಟ್ಟೆ ಹಿಡಿದುಕೊಂಡು ನಕ್ಕ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುವ ಮೇಷ್ಟ್ರು ಅವನು. ಹಾಸನದಿಂದ ಹೊಳೆನರಸೀಪುರಕ್ಕೆ ಬಂದು ಮೂರು ತಿಂಗಳೂ ಆಗಿರಲಿಲ್ಲ. "ನಿನ್ನ ಬಾಯಿಗೂ ಒಂದು ತಗಡು ಹೊಡೆಸಬೇಕಿತ್ತು ಬಿಡು ಹೊನ್ನಕ್ಕ" ಎಂದ, ಬೀದಿಯ ನಾಲ್ಕು ಜನಕ್ಕೆ ಕೇಳುವಂತೆ. ಜನ ಕಿಸಕ್ಕೆಂದರು. ಆಕೆ ತಲೆ ತಗ್ಗಿಸಿದಳು.

ಹೊನ್ನಕ್ಕನ ಗಂಡ ದೇವಯ್ಯ ತೀರಿಕೊಂಡು ಆರು ವರ್ಷ. ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದವನು. ಜೊತೆಗೆ ಹಾಡುತ್ತಿದ್ದ ಅರಕಲಗೂಡಿನ ಹುಡುಗಿ ಬೇರೆ ತಂಡಕ್ಕೆ ಹೊರಟಳೆಂದು ಹೊಟ್ಟೆ ಉರಿದು, ಬಾಯಿ ಕಟ್ಟುವ ಮಾಟ ಮಾಡಿಸಿ, ಆ ತಾಮ್ರದ ತಗಡನ್ನು ತನ್ನ ಆಂಪ್ಲಿಫೈಯರ್ ಪೆಟ್ಟಿಗೆಯ ತಳಕ್ಕೆ ಮೊಳೆ ಹೊಡೆದು ಕೂರಿಸಿದನಂತೆ. ಹುಡುಗಿ ಹಾಡಿನ ಮಧ್ಯದಲ್ಲೇ ಮೂಕಿಯಾದಳಂತೆ. ಆಮೇಲೆ ಹೆದರಿ ಒಳಗಿನ ಗಾಜಿನ ವಾಲ್ವು, ವೈರುಗಳನ್ನೆಲ್ಲ ತಾನೇ ಕಿತ್ತೆಸೆದನಂತೆ. ಅಂತೆ ಕಂತೆ! ಗಿರಿಧರನ ಕಣ್ಣಿದ್ದದ್ದು ಪೆಟ್ಟಿಗೆಯ ಮೇಲೆ. ಅಪರೂಪದ ಹಳೇ ವಾಲ್ವ್ ಸೆಟ್ಟು. ಮೈಯೆಲ್ಲ ಗಟ್ಟಿ ಮರ, ಒಳಗೆ ಬರೀ ಪೊಳ್ಳು.

ಹದಿನೈದು ದಿನ ಕೂತು ಹೊಸ ಸರ್ಕ್ಯೂಟ್ ಬರೆದ. ಟ್ರಾನ್ಸ್‌ಫಾರ್ಮರ್ ಸುತ್ತಿಸಿದ, ಹಾಸನದ ರೇಡಿಯೊ ಅಂಗಡಿಗಳನ್ನೆಲ್ಲ ಜಾಲಾಡಿ ವಾಲ್ವು ತಂದ. ಎಲ್ಲ ಸರಿ, ಆದರೆ ಸ್ವಿಚ್ ಹಾಕಿದರೆ ಗುಂಯ್ ಎನ್ನುವ ಸದ್ದು ಮಾತ್ರ ಹೋಗಲೊಲ್ಲದು. ಅರ್ತ್ ಸಾಲದು. ಅಗಲವಾದ ತಾಮ್ರದ ತುಂಡೊಂದಕ್ಕೆ ಅರ್ತ್ ವೈರುಗಳನ್ನೆಲ್ಲ ಬೆಸೆದುಬಿಟ್ಟರೆ? ತಳದಲ್ಲೇ ಇತ್ತಲ್ಲ! ಕುಂಕುಮ ಮೆತ್ತಿದ ಆ ತಗಡನ್ನು, ಕೆತ್ತಿದ ಅಕ್ಷರ ಅಳಿಯುವಷ್ಟು ಉಜ್ಜಿ, ಬೆಸುಗೆ ಹಾಕಿದ. ಎದ್ದ ಹೊಗೆಯಲ್ಲಿ ಸುಟ್ಟ ಕೂದಲಿನ ನಾತ. ಮೂಗು ಮುರಿದ, ಅಷ್ಟೆ. ಗುಂಯ್ ಸದ್ದು ಥಟ್ಟನೆ ನಿಂತಿತು. ಹೊನ್ನಕ್ಕನ ಮುಂದೆ ಇದನ್ನು ಹೇಳಿ ಇನ್ನೊಂದು ಸಲ ನಗಬೇಕೆಂದುಕೊಂಡ.

ಅವತ್ತು ಭಾನುವಾರ, ರಣರಣ ಬಿಸಿಲಿನ ಮಧ್ಯಾಹ್ನ. ಹೆಂಡತಿ ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಒಂಬತ್ತು ವರ್ಷದ ಮಗಳು ಗೌತಮಿ ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡು ಕಲಿಯುತ್ತಿದ್ದಳು. ಅವಳ ಕೈಗೇ ಮೈಕು ಕೊಟ್ಟ. "ಹಾಡು ಪುಟ್ಟಿ, ಬೀದಿಯೆಲ್ಲ ಕೇಳಲಿ."

ಮಗು ಹಾಡಿತು. ಆಹಾ, ಏನು ದನಿ! ಗಿರಿಧರ ಕಣ್ಣು ಮುಚ್ಚಿ ತಲೆದೂಗಿದ. ಎರಡು ಸಾಲು ಮುಗಿಯಿತು. ಉಸಿರೆಳೆದುಕೊಳ್ಳಲು ಮಗು ನಿಲ್ಲಿಸಿತು.

ಪೆಟ್ಟಿಗೆ ನಿಲ್ಲಿಸಲಿಲ್ಲ.

ಗೌತಮಿಯದೇ ದನಿ. ಗೌತಮಿಯ ತುಟಿ ಮುಚ್ಚಿತ್ತು. ಸ್ವಿಚ್ ಆರಿಸಿದ. ಹಾಡು ನಿಲ್ಲಲಿಲ್ಲ. ಪ್ಲಗ್ ಕಿತ್ತ. ವಾಲ್ವುಗಳು ಇನ್ನೂ ಕೆಂಪಗೆ ಉರಿಯುತ್ತಿದ್ದವು. ತಗಡಿನ ವೈರುಗಳನ್ನು ಕತ್ತರಿಸಿದ. ಕೋಣೆಯ ತುಂಬ ಕೊಳೆತ ನಿಂಬೆಹಣ್ಣಿನ ವಾಸನೆ. ಮಗು ಬಾಯಿ ಅಗಲಿಸಿ ಕಿರುಚಿತು. ಗಂಟಲ ನರ ಉಬ್ಬಿತು. ಸದ್ದಿಲ್ಲ. "ಅಪ್ಪಾ!" ಎಂಬ ಆ ಕಿರುಚಾಟ ಬಂದದ್ದು ಪೆಟ್ಟಿಗೆಯೊಳಗಿಂದ.

ಬರಿಗಾಲಲ್ಲೇ ಓಡಿದ. ಹೊನ್ನಕ್ಕನ ಕಾಲು ಹಿಡಿದು ಕರೆತಂದ. ಆಕೆ ತಗಡನ್ನು ಕಂಡದ್ದೇ ಎದೆ ಎದೆ ಬಡಿದುಕೊಂಡಳು.

"ಅಯ್ಯೋ ಸಿವ್ನೆ, ಇದಕ್ಕೆ ಕರೆಂಟ್ ಕೊಟ್ಟಿದ್ದೀರಲ್ಲ! ಒಂದೇ ದಾರಿ ಇರಾದು ಸಾ. ಯಾರಾರ ಮನ್ಸಾರೆ ಈ ಮೈಕ್ ಇಡ್ಕಂಡು, ಮಗೀನ್ ಬುಟ್ಟು ನನ್ ಬಾಯಿ ತಕ್ಕೊ ಅನ್ಬೇಕು. ಅಂದೋರ್ ಮಾತು ಓಯ್ತದೆ, ಮಗೀದು ಬತ್ತದೆ. ನಮ್ ಯಜಮಾನ್ರಿಗೆ ಆ ಧೈರ್ಯ ಬರ್ನಿಲ್ಲ. ಆ ಉಡ್ಗಿ ಇವತ್ಗೂ ಮೂಗಿ."

ಗಿರಿಧರ ಮೈಕು ಕೈಗೆತ್ತಿಕೊಂಡ. ಬಾಯಿಯ ಹತ್ತಿರ ತಂದ. ಆ ಗಳಿಗೆಯಲ್ಲಿ ಅವನಿಗೆ ನೆನಪಾದದ್ದು ಮಗಳಲ್ಲ, ನಾಳೆಯ ಕ್ಲಾಸು. ಬೋರ್ಡಿನ ಮುಂದೆ ಬರಿದೆ ಬಾಯಿ ಆಡಿಸುವ ತಾನು. ಮುಸಿಮುಸಿ ನಗುವ ಹುಡುಗರು. ಮಾತಿಲ್ಲದ ಮೇಷ್ಟ್ರು ಯಾರಿಗೆ ಬೇಕು? ಒಂದು ಉಸಿರು. ಎರಡು ಉಸಿರು. ಮಗಳು ನೋಡುತ್ತಿದ್ದಳು. ಅವನು ತುಟಿ ಬಿಚ್ಚಲಿಲ್ಲ.

ಹೊನ್ನಕ್ಕ ಕಾದಳು. ಬೈಯಲಿಲ್ಲ. "ನಮ್ಮೋರೂ ಇಂಗೇ ನಿಂತಿದ್ರು" ಎಂದು ಮೈಕಿಗೆ ಕೈ ಹಾಕಿದಳು. ಅವನು ಗಟ್ಟಿಯಾಗಿ ಹಿಡಿದುಕೊಳ್ಳಬಹುದಿತ್ತು. ಬೆರಳು ಸಡಿಲಿಸಿದ. ಹೌದು, ತಾನಾಗಿಯೇ ಸಡಿಲಿಸಿದ.

"ಮಗೀನ್ ಬುಟ್ಬುಡು. ನನ್ ಬಾಯಿ ತಕ್ಕೊ."

ವಾಲ್ವುಗಳು ಟಪ್ಪೆಂದು ಆರಿದವು. ಹೊನ್ನಕ್ಕ ಏನೋ ಹೇಳಲು ಹೋದಳು. ತುಟಿ ಆಡಿತು, ದನಿ ಬರಲಿಲ್ಲ. ಗೌತಮಿ ಓಡಿಹೋಗಿ ಆಕೆಯ ಸೊಂಟ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಗಿರಿಧರ ಕೈ ಚಾಚಿ "ಬಾ ಪುಟ್ಟಿ" ಎಂದ. ನಾಚಿಕೆಗೆಟ್ಟ ಬಾಯಿ, ಈಗ ಸಲೀಸಾಗಿ ಆಡಿತು.

ಮಗು ಬರಲಿಲ್ಲ. ಸೆರಗಿನ ಮರೆಯಿಂದಲೇ ಕೇಳಿತು:

"ಅಪ್ಪ, ಮೈಕು ನಿನ್ನ ಕೈಯಲ್ಲೇ ಇತ್ತಲ್ಲ?"

ಗಿರಿಧರ ಬಗ್ಗಿ ನೆಲದ ಮೇಲಿನ ವೈರು ಸುತ್ತತೊಡಗಿದ. ಹೊನ್ನಕ್ಕ ಹೊಸಿಲು ದಾಟಿ ಹೋಗುವವರೆಗೂ ಸುತ್ತುತ್ತಲೇ ಇದ್ದ.