ಪಾಸಿಲ್ಲ, ಟಿಕೆಟ್ ತಗೊಳ್ಳಿ

ಅಮೃತೇಶನ ಜೊತೆ ನಾನಾಡಿದ ಮೊದಲ ಮಾತೇ ಜಗಳ.

ನಂಜನಗೂಡು ಬಸ್ ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್ ಅಂಗಡಿ, ಅದರ ಮುಂದೊಂದು ಟೇಬಲ್ಲು, ಹಿಂದೊಂದು ಬ್ಯಾನರು, ನಡುವೆ ನಾನು. ಮೈಸೂರಿನಲ್ಲಿ ಹೊಸದಾಗಿ ಶುರುವಾಗಿದ್ದ ಫುಟ್ಬಾಲ್ ಟೀಮಿನ ಟಿಕೆಟ್ ಮಾರುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಟಿ. ನರಸೀಪುರದಿಂದ ಬಸ್ಸು ಹತ್ತಿ ಬರುತ್ತಿದ್ದೆ. “ಕ್ರಿಕೆಟ್ಟಾ?” ಎಂದು ಕೇಳಿದವರಿಗೆಲ್ಲ “ಅಲ್ಲ, ಫುಟ್ಬಾಲು” ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು.

ಆವತ್ತು ಎತ್ತರದ ಹುಡುಗನೊಬ್ಬ ಬಂದು ಒಂದು ಚೀಟಿ ಚಾಚಿದ. ಉದ್ದಕ್ಕೆ ಹದಿನೆಂಟು ಹೆಸರು.

“ಇಷ್ಟು ಜನಕ್ಕೆ ಪಾಸ್ ಬೇಕಿತ್ತು ಮೇಡಂ.”

“ಪಾಸಿಲ್ಲ, ಟಿಕೆಟ್ ತಗೊಳ್ಳಿ.”

“ಮ್ಯಾನೇಜರ್ ಮಹೇಂದ್ರ ಸರ್‌ಗೆ ಫೋನ್ ಮಾಡಿ, ನನ್ನ ಹೆಸ್ರು ಹೇಳಿ. ಕೊಡಿ ಅಂತಾರೆ.”

“ತಮ್ಮ ಹೆಸರೇನೋ, ಮಹಾಸ್ವಾಮಿ?”

ಅವನು ನನ್ನ ತಲೆಯ ಮೇಲುಗಡೆ ನೋಡಿದ. ನಾನೂ ತಿರುಗಿ ನೋಡಿದೆ. ಬ್ಯಾನರಿನಲ್ಲಿ ಚೆಂಡಿಗೆ ಕೈ ಚಾಚಿ ಹಾರುತ್ತಿದ್ದ ಗೋಲ್‌ಕೀಪರ್ ಅವನೇ.

“ಫೋಟೋದಲ್ಲಿ ಚೆನ್ನಾಗೇ ಇದೀರ,” ಅಂದೆ. “ಪಾಸ್ ಮಾತ್ರ ಇಲ್ಲ.”

ಅವನು ನಕ್ಕ. ನಕ್ಕರೆ ಎಡ ಹುಬ್ಬಿನ ಮೇಲಿನ ಹಳೇ ಗಾಯದ ಗುರುತು ಮೇಲಕ್ಕೇರುತ್ತಿತ್ತು. ಅದನ್ನು ನಾನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ. ನೋಡಿದ್ದು ಅವನಿಗೂ ಗೊತ್ತಾಯಿತು. ನನಗೆ ಇನ್ನಷ್ಟು ಸಿಟ್ಟು ಬಂತು.

ಸಂಜೆಯೊಳಗೆ ಮಹೇಂದ್ರ ಸರ್ ಫೋನ್ ಮಾಡಿ ಹದಿನೆಂಟೂ ಪಾಸು ಕೊಡಿಸಿದರು.

ಆಮೇಲೆ ಪ್ರಾಕ್ಟೀಸ್ ಇಲ್ಲದ ದಿನವೆಲ್ಲ ಅವನು ಬರತೊಡಗಿದ. ಒಂದು ಕೈಯಲ್ಲಿ ಕಬ್ಬಿನ ಹಾಲು, ಇನ್ನೊಂದರಲ್ಲಿ ಚೀಟಿ. ಕಬ್ಬಿನ ಹಾಲು ಕುಡಿದು ಚೀಟಿ ವಾಪಸ್ ಕೊಡುತ್ತಿದ್ದೆ. ಸಂಜೆಯೊಳಗೆ ಮಹೇಂದ್ರ ಸರ್ ಪಾಸು ಕೊಡಿಸುತ್ತಿದ್ದರು.

“ಇಂದ್ರಾಣಿ ಮೇಡಂಗೆ ಕೋಪ ಬಂದ್ರೆ ಮೂಗಿನ ತುದಿ ಕೆಂಪಾಗುತ್ತೆ.”

“ನಿಮಗೇನ್ರೀ ನನ್ನ ಮೂಗಿನ ಉಸಾಬರಿ?”

“ಚೆಂಡಿನ ಮೇಲಿಂದ ಕಣ್ಣು ಕೀಳ್ಬಾರ್ದು ಅಂತ ನಮ್ ಕೋಚ್ ಹೇಳಿಕೊಟ್ಟವ್ರೆ. ಅಭ್ಯಾಸ ಆಗೋಗದೆ.”

ಸಂಜೆ ನನ್ನ ಬಸ್ಸು ಬಂದರೆ, ಜನ ನುಗ್ಗುವ ಮೊದಲೇ ಓಡಿ ಹೋಗಿ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯುತ್ತಿದ್ದ. ನಾನು ಕೂತ ಮೇಲೆ ಹೊರಗೆ ನಿಂತು ಸುಮ್ಮನೆ ನೋಡುತ್ತಿದ್ದ. ಬಸ್ಸು ಹೊರಟರೆ ನನ್ನ ಮಡಿಲಲ್ಲಿ ಅವನ ಕರ್ಚೀಫು. ಒಗೆದು ಮಡಿಸಿ ಮರುದಿನ ಕೊಡುವಾಗ ಬೆರಳು ತಾಗುತ್ತಿತ್ತು, ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು.

ಐದು ತಿಂಗಳು ಹೀಗೇ ಕಳೆಯಿತು. ಆ ಐದು ತಿಂಗಳಲ್ಲಿ ಈ ಮಹರಾಯ ಬಾಯಿ ಬಿಟ್ಟು ಒಂದು ಮಾತು ಕೇಳಲಿಲ್ಲ. ನಮ್ಮ ಮನೆ ಗೋಡೆಯ ಮೇಲೆ ಬುದ್ಧನ ಫೋಟೋ, ಅವರ ಮನೆಯವರ ಹಣೆಯ ಮೇಲೆ ವಿಭೂತಿ. ನಮ್ಮದು ಯಾವ ಬೀದಿ ಎಂದು ಅವನಿಗೆ ಗೊತ್ತಿತ್ತು. ಕೇಳಿದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಅದಕ್ಕೇ ಕೇಳುತ್ತಿರಲಿಲ್ಲ. ಕೇಳದೆ ಕರ್ಚೀಫು ಮಾತ್ರ ಎಸೆಯುತ್ತಿದ್ದ.

ಅಷ್ಟರಲ್ಲಿ ಮಹೇಂದ್ರ ಸರ್ ಬಂದು ನನ್ನ ಟೇಬಲ್ಲಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತರು. ಕೊನೆಯ ಮ್ಯಾಚಿಗೆ, ದುಡ್ಡು ಕೊಟ್ಟು ಟಿಕೆಟ್ ಕೊಂಡವರಿಂದಲೇ ಅರ್ಧ ಗ್ರೌಂಡಾದರೂ ತುಂಬಬೇಕು. ಇಲ್ಲದಿದ್ದರೆ ಓನರುಗಳು ಟೀಮನ್ನು ಕೇರಳಕ್ಕೆ ಎತ್ತಿಕೊಂಡು ಹೋಗುತ್ತಾರೆ. ಟೀಮು ಹೋದರೆ ಅಮೃತೇಶನೂ ಹೋಗುತ್ತಾನೆ.

“ಮೈಸೂರಿನಷ್ಟು ದೊಡ್ಡ ಊರು ಒಂದು ಟೀಮ್ ಸಾಕೋಕಾಗಲ್ವೇನಮ್ಮ?” ಅಂದರು.

ಸಾಕುತ್ತದೆ ಸಾಕುತ್ತದೆ! ಮೈಸೂರಿನಲ್ಲಿ ಟಿಕೆಟ್ ಕೊಂಡವನು ದಿಕ್ಕಿಲ್ಲದವನು, ಪಾಸಿನಲ್ಲಿ ಬಂದವನು ದೊಡ್ಡ ಮನುಷ್ಯ. ಕಾರಿನಲ್ಲಿ ಓಡಾಡುವವರೂ ಫೋನ್ ಮಾಡಿ “ನಾಲ್ಕು ಪಾಸ್ ಇಟ್ಟಿರಮ್ಮ” ಅನ್ನುತ್ತಿದ್ದರು. ಇಟ್ಟರೆ ಬರುತ್ತಲೂ ಇರಲಿಲ್ಲ. ಪಾಸು ಜೇಬಲ್ಲಿದ್ದರೆ ಅವರಿಗೆ ಅಷ್ಟೇ ಸಾಕು, ಮ್ಯಾಚು ಯಾರಿಗೆ ಬೇಕು! ಅವರನ್ನು ಬೈಯೋಣವೆಂದರೆ ನಮ್ಮ ಗೋಲ್‌ಕೀಪರ್ ಸಾಹೇಬರೇ ಚೀಟಿ ಹಿಡಿದು ನಿಂತಿರುತ್ತಿದ್ದರು.

ಆವತ್ತೂ ಬಂದ. ಜೊತೆಯಲ್ಲಿ ಅವರ ಬೀದಿಯ ಹಿರಿಯರು ಪುಟ್ಟಬಸವಯ್ಯ.

“ಏನವ್ವಾ,” ಅಂದರು ಪುಟ್ಟಬಸವಯ್ಯ, “ನಾವು ಎತ್ತಿ ಆಡಿಸಿದ್ ಹೈದ ಇವ್ನು. ಇವ್ನ್ ಆಟ ನೋಡಕ್ಕೆ ನಾವೇ ದುಡ್ ಕೊಡ್ಬೇಕಾ? ನಮ್ಮನೆ ಮದ್ವೇಲಿ ನಾವೇ ದುಡ್ ಕೊಟ್ಟು ಉಣ್ಣಕಾಯ್ತದಾ?”

ನಾನು ಅಮೃತೇಶನ ಮುಖ ನೋಡಿದೆ. ಅವನು ತನ್ನ ಚಪ್ಪಲಿ ನೋಡಿಕೊಂಡ. ಅಜ್ಜ ಅತ್ತ ಹೋಗುವವರೆಗೆ ಟಿಕೆಟ್ ಎಣಿಸುತ್ತ ಕೂತೆ.

“ಟೀಮ್ ಹೋಗುತ್ತೆ ಅಂತ ಗೊತ್ತು ತಾನೇ?” ಅಂದೆ.

“ಗೊತ್ತು.”

“ಹಾಗಿದ್ರೆ ಇವರನ್ನ ಕೇಳು. ಟಿಕೆಟ್ ತಗೊಂಡು ಬನ್ನಿ ಅನ್ನು. ನೀನು ಕೇಳಿದ್ರೆ ಇಲ್ಲ ಅನ್ನಲ್ಲ.”

“ಹತ್ತು ಲಕ್ಷ ಜನ ಇರೋ ಊರು ಕೈಬಿಟ್ರೆ, ನಮ್ ಬೀದಿ ಹದಿನೆಂಟು ಜನದ್ದಾ ತಪ್ಪು?”

“ತಪ್ಪು ನಿಂದು! ಕೈ ಮುರ್ಕೊಂಡು, ಹುಬ್ಬು ಹರ್ಕೊಂಡು ಆಡ್ತೀಯ. ಅದಕ್ಕೆ ಬೆಲೆ ಇಲ್ಲ ಅಂತ ನೀನೇ ಊರಿಗೆಲ್ಲ ಹೇಳ್ಕೊಟ್ಟಿದೀಯ.”

“ನಮ್ಮೋರತ್ರ ಕೇಳೋಕೆ ಬಾಯಿ ಬರಲ್ಲ ಇಂದ್ರಾಣಿ. ಏನಂದ್ಕೋತಾರೋ ಅನ್ಸುತ್ತೆ.”

“ನಿನಗೆ ಯಾವುದಕ್ಕೆ ಬಾಯಿ ಬಂದಿದೆ ಹೇಳು, ಇವತ್ತಿನವರೆಗೆ?”

ನಾನು ಟಿಕೆಟ್ಟಿನ ಮಾತಾಡುತ್ತಿಲ್ಲ ಎಂದು ಅವನಿಗೆ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಚೀಟಿ ಮುದುರಿ ಜೇಬಿಗೆ ತುರುಕಿ ಹೊರಟುಹೋದ. ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ನರಸೀಪುರಕ್ಕೆ ಬಂದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅವನಿಗೆ ಬೈದೆ. ಬೈಯುತ್ತ ಬೈಯುತ್ತ ಕಣ್ಣು ತುಂಬಿಕೊಂಡಿದ್ದಕ್ಕೆ ನನಗೂ ಬೈದುಕೊಂಡೆ.

ಮೂರು ದಿನ ಅವನ ಸುದ್ದಿಯಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಮೈಕಿನ ಸದ್ದು ಕೇಳಿತು. ಮೈಕ್ ಕಟ್ಟಿದ ಆಟೋ, ಒಳಗಿನಿಂದ ಅರ್ಧ ಹೊರಗೆ ವಾಲಿಕೊಂಡು ಅಮೃತೇಶ್.

“ನಾನು ನಿಮ್ಮೂರ ಅಮೃತೇಶ್. ಭಾನುವಾರ ನಮ್ ಕೊನೇ ಮ್ಯಾಚು. ಪಾಸ್ ಕೊಡಲ್ಲ. ಇಷ್ಟು ದಿನ ಕೊಟ್ಟಿದ್ದೇ ನನ್ ತಪ್ಪು. ಆಟ ಆಡೋದೇ ನನ್ ಕೆಲ್ಸ, ಅದೇ ನನ್ ಅನ್ನ. ದಯಮಾಡಿ ಟಿಕೆಟ್ ತಗೊಂಡು ಬನ್ನಿ.”

ಕೆಲವರು ನಕ್ಕರು. ಒಬ್ಬ ಅಂಗಡಿಯೊಳಗಿಂದಲೇ “ಲೇ, ಭಿಕ್ಷೆಗೆ ನಿಂತ್ಬುಟ್ಟಾ?” ಎಂದು ಕೂಗಿದ. ಪುಟ್ಟಬಸವಯ್ಯ ಆಟೋ ಅಡ್ಡ ಹಾಕಿ ಕೂಗಾಡಿದರು.

“ನಮ್ ಮರ್ವಾದೆ ಕಳೀತಿದ್ದೀಯ ಕಣ್ಲಾ!”

ಅವನು ಆಟೋದಿಂದಿಳಿದು ಅವರೆದುರು ನಿಂತ. ಕೈಯಲ್ಲಿದ್ದ ಮೈಕು ಆಫ್ ಮಾಡುವುದನ್ನು ಮರೆತಿದ್ದ. “ಅಜ್ಜ, ಒಂದು ಟಿಕೆಟ್ ತಗೊಳಿ. ಕೇಳ್ಕೊತಾ ಇವ್ನಿ,” ಅಂದದ್ದು ಇಡೀ ಬಸ್ ಸ್ಟ್ಯಾಂಡಿಗೆ ಕೇಳಿಸಿತು.

ಅಜ್ಜ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ ದುಪದುಪ ಹೆಜ್ಜೆ ಹಾಕಿ ನನ್ನ ಟೇಬಲ್ಲಿಗೆ ಬಂದು, “ಕೊಡವ್ವ, ಒಂದ್ ಕೊಡು. ಒಳ್ಳೆ ಕಾಲ ಬಂತು!” ಎಂದು ಗದರಿದರು. ಅವರ ಹಿಂದೆ ಇನ್ನೊಬ್ಬರು ಬಂದು ನಿಂತರು, ಅವರ ಹಿಂದೆ ಮತ್ತಿಬ್ಬರು. ನನಗೆ ತಲೆ ಎತ್ತಲು ಬಿಡುವಾಗಲಿಲ್ಲ. ಎತ್ತಿದ್ದರೂ ಅವನ ಮುಖ ನೋಡುವ ಧೈರ್ಯ ಇರಲಿಲ್ಲ.

ಭಾನುವಾರ ನನ್ನನ್ನು ಮೈಸೂರಿನ ಗ್ರೌಂಡಿನ ಕೌಂಟರಿಗೆ ಹಾಕಿದ್ದರು. ಪಾಸು ಕೇಳಿದವರಿಗೆಲ್ಲ ಇಲ್ಲ ಅಂದೆ. “ನಾನು ಯಾರು ಗೊತ್ತೇನಮ್ಮ?” ಅಂದವರಿಗೂ ಇಲ್ಲ ಅಂದೆ. ಮ್ಯಾಚು ಶುರುವಾಗುವ ಹೊತ್ತಿಗೆ ಬಿಸಿಲಿನ ಕಡೆಯ ಸ್ಟ್ಯಾಂಡು ಕಿಕ್ಕಿರಿದಿತ್ತು. ನಂಜನಗೂಡಿನವರು, ಹುಲ್ಲಹಳ್ಳಿಯವರು, ತಲೆಗೆ ಟವಲು ಸುತ್ತಿಕೊಂಡವರು. ನೆರಳಿನ ಕಡೆ ಸೋಫಾಗಳು ಖಾಲಿ. ಪಾಸಿಲ್ಲವೆಂದು ಮುನಿಸಿಕೊಂಡು ದೊಡ್ಡ ಮನುಷ್ಯರು ಮನೆಗೆ ಹೋಗಿದ್ದರು. ಅಮೃತೇಶ್ ಎರಡು ಗೋಲು ತಡೆದ, ಪುಟ್ಟಬಸವಯ್ಯ ಕೂಗಿ ಕೂಗಿ ದನಿ ಕಳೆದುಕೊಂಡರು. ಮ್ಯಾಚು ಗೆದ್ದೆವು. ಆದರೆ ಗೋಲ್‌ಪೋಸ್ಟುಗಳ ಹಿಂದಿನ ಎರಡೂ ಕಡೆ ಖಾಲಿ, ಅರ್ಧ ಗ್ರೌಂಡೂ ತುಂಬಲಿಲ್ಲ.

ಮರುದಿನವೇ ತೀರ್ಮಾನವಾಯಿತು. ತಿಂಗಳ ಕೊನೆಗೆ ಟೀಮು ಕೇರಳಕ್ಕೆ. ನನ್ನ ಟೇಬಲ್ಲು, ಬ್ಯಾನರು ಎರಡೂ ಎತ್ತಿದರು. ನಾನು ಫೋನ್ ಆಫ್ ಮಾಡಿ ಮನೆಯಲ್ಲಿ ಕೂತೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಪಟ್ಟಿ ಉದ್ದವಿತ್ತು. ಮೊದಲ ಹೆಸರು ಅವನದೇ. ಹೋಗುವವನು ಹೋಗಲಿ, ಒಂದು ಮಾತು ಕೇಳಿ ಹೋಗಬಾರದೇ?

ಮೂರನೇ ದಿನ ಮಧ್ಯಾಹ್ನ ಬಾಗಿಲಲ್ಲಿ ಅವನು ನಿಂತಿದ್ದ. ನಮ್ಮವ್ವ ಮಂಚಮ್ಮ ಸ್ಕೂಲಿನಲ್ಲಿ ಬಿಸಿಯೂಟ ಬಡಿಸಿ ಆಗಷ್ಟೇ ಬಂದಿದ್ದಳು. ಇನ್ನೂರು ಮಕ್ಕಳನ್ನು ಒಂದೇ ಗದರಿಕೆಗೆ ಸಾಲಾಗಿ ಕೂರಿಸುವವಳು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಯಾರಪ್ಪ?”

“ಅಮೃತೇಶ್ ಅಂತ, ನಂಜನಗೂಡು. ನಿಮ್ ಮಗಳನ್ನ ಮದ್ವೆ ಮಾಡಿಕೊಡ್ತೀರಾ ಅಂತ ಕೇಳೋಕ್ ಬಂದೆ ಅಮ್ಮ.”

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

“ಏನ್ ಕೆಲ್ಸ?”

“ಫುಟ್ಬಾಲ್ ಆಡ್ತೀನಿ.”

“ಅದ್ರಲ್ಲಿ ಜೀವನ ನಡೀತದಾ?”

“ಇಲ್ಲಿ ನಡೀಲಿಲ್ಲ. ಕೇರಳದಲ್ಲಿ ನಡೀಬಹುದು. ನಡೀದಿದ್ರೆ ಬೇರೆ ಕೆಲ್ಸ ನೋಡ್ತೀನಿ.”

“ನಿಮ್ ಮನೇಲಿ ಏಳಿದೀಯಾ? ನಮ್ಮೋರು ಯಾರು ಅಂತ ಏಳಿದೀಯಾ?”

“ಮೊದ್ಲು ಅಲ್ಲೇ ಕೇಳ್ದೆ. ಅಪ್ಪ ಮನೆ ಬಿಟ್ಟು ಹೋಗು ಅಂದ್ರು. ಅವ್ವ ಎರಡು ದಿನದಿಂದ ಮಾತಾಡ್ತಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಕೇಳ್ದೆ. ನಾಳೇನೂ ಕೇಳ್ತೀನಿ.”

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, “ಇವ್ಳ್ನ ಕೇಳಿದೀಯಾ?” ಅಂದಳು.

“ಇಲ್ಲ ಕಣವ್ವ!” ಎಂದು ನಾನೇ ಕಿರುಚಿದೆ. “ಊರೋರ್ನೆಲ್ಲ ಕೇಳಿದಾನೆ, ಮೈಕಿನಲ್ಲಿ ಕೇಳಿದಾನೆ, ನಿನ್ನೂ ಕೇಳ್ದ. ಐದು ತಿಂಗಳಾಯ್ತು, ನನ್ನ ಮಾತ್ರ ಕೇಳಿಲ್ಲ!”

ಅವನು ತಿರುಗಿದ. ಆ ಹುಬ್ಬು, ಆ ಗಾಯ, ಮೂರು ದಿನದ ಗಡ್ಡ. ಹಣೆಯಲ್ಲಿ ಬೆವರು.

“ಇಂದ್ರಾಣಿ, ನೀನಂದ್ರೆ ನನಗೆ ಪ್ರಾಣ. ನನ್ನ ಮದ್ವೆ ಆಗ್ತೀಯಾ?”

ಇನ್ನೂ ಬೈಯುವುದು ಬಹಳವಿತ್ತು. ಲೋಟ ಕೆಳಗಿಟ್ಟೆ.

“ಆಗ್ತೀನಿ,” ಅಂದೆ. “ಸಿಟ್ಟು ಇನ್ನೂ ಇಳಿದಿಲ್ಲ, ಗೊತ್ತಿರಲಿ.”

“ಗೊತ್ತು. ಮೂಗು ಕೆಂಪಗದೆ.”

ಅವ್ವ ಚಾಪೆ ಹಾಸಿದಳು. ತಟ್ಟೆಗೆ ಮುದ್ದೆ ಇಟ್ಟು, ಉಪ್ಸಾರು ಬಿಟ್ಟು, ಎದುರಿಗೆ ಕೂತು, ಕಣ್ಣು ಕದಲಿಸದೆ ಅವನ ಕೈಯನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಅವನು ಒಂದು ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದ. ಇನ್ನೊಂದು ನುಂಗಿದ. ಮುದ್ದೆ ಅರ್ಧವಾಗುವಷ್ಟರಲ್ಲಿ ಸಾರು ಮುಗಿಯಿತು.

“ಅಮ್ಮ,” ಅಂದ, ತಟ್ಟೆ ಮುಂದಕ್ಕೆ ಸರಿಸಿ, “ಇನ್ನೊಂಚೂರು ಸಾರು ಬಿಡಿ.”