ಮೊದಲು ಚಾಚಿದ ಕೈ

ಫ್ರೈಬರ್ಗ್‌ನ ಬೀದಿಯಂಚಿನಲ್ಲಿ ಹರಿಯುವ ಕಿರುಗಾಲುವೆಗೆ ಫೋಲ್ಕ್‌ಮಾರ್ ಕಾಲಿಟ್ಟ ದಿನ, ಹಿಂದೆಯೇ ಬರುತ್ತಿದ್ದ, ಆ ಊರಿನವಳೇ ಆದ ರೋಸ್ವಿತಾ ನಗು ತಡೆಯಲಾರದೆ ಬೇಕರಿಯ ಗೋಡೆಗೆ ಒರಗಿದಳು.

“ಮುಗೀತು ನಿಮ್ಮ ಕಥೆ, ಡಾಕ್ಟ್ರೇ. ಗೊತ್ತಿಲ್ದೆ ಇದರಲ್ಲಿ ಕಾಲಿಟ್ಟೋರಿಗೆ ಈ ಊರಿನ ಹೆಣ್ಣೇ ಗಂಟು ಬೀಳೋದು.”

“ಒದ್ದೆಯಾಗಿರೋದು ಒಂದೇ ಕಾಲು,” ಎಂದ ಹ್ಯಾಂಬರ್ಗ್‌ನ ಆ ತರುಣ, ಷೂ ಕಳಚಿ ನೀರು ಚೆಲ್ಲುತ್ತಾ. “ಅಂದ್ರೆ ಅರ್ಧ ಮದುವೆ.”

“ಇನ್ನೊಂದು ಕಾಲನ್ನ ನಾನೇ ತಳ್ಳಲಾ?”

“ಬೇರೆಯವರು ತಳ್ಳಿದ್ರೆ ಲೆಕ್ಕಕ್ಕಿಲ್ಲ. ಲ್ಯಾಬಿನ ನಿಯಮ ಮರೆತ್ರಾ?”

ನಿಯಮ ಅದೇ ಆಗಿತ್ತು. ೧೯೬೪ರ ಆ ವಸಂತದಲ್ಲಿ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. ಅವನು ಸಂಶೋಧಕ, ಅವಳು ಸಹಾಯಕಿ. ತಂತಿಜಾಲರಿಯ ಗೂಡಿನೊಳಗೆ ಒಂದು ಕುರ್ಚಿ. ಕುಳಿತವರ ನೆತ್ತಿಗೆ ಅವಳು ಅಂಟು ಹಚ್ಚಿ ತಂತಿ ಕೂಡಿಸುವಳು. ಅವರು ಮನಸ್ಸು ಬಂದಾಗಲೆಲ್ಲ ಬೆರಳು ಆಡಿಸಬೇಕು. ಆಮೇಲೆ ಟೇಪನ್ನು ಹಿಮ್ಮುಖವಾಗಿ ಓಡಿಸಿ ನೂರಾರು ಸಲದ ಸರಾಸರಿ ತೆಗೆದರೆ, ಬೆರಳು ಅಲುಗುವ ಮುನ್ನವೇ ಮಿದುಳಿನಲ್ಲಿ ಮೆಲ್ಲನೆ ಏಳುವ ಒಂದು ಅಲೆ ಕಾಣುತ್ತಿತ್ತು. ಬೇರೊಬ್ಬರು ಬೆರಳನ್ನು ಎತ್ತಿದರೆ ಮಾತ್ರ ಅಲೆಯಿಲ್ಲ. ಬರಿಯ ಸಪಾಟು ಗೆರೆ.

ರೆಪ್ಪೆ ಬಡಿದರೂ ಗೆರೆ ಕೆಡುತ್ತಿತ್ತು. ಆದ್ದರಿಂದ ಫೋಲ್ಕ್‌ಮಾರ್ ತಾನೇ ಕುರ್ಚಿಯಲ್ಲಿ ಕುಳಿತಾಗಲೆಲ್ಲ ಎವೆಯಿಕ್ಕದೆ ಅವಳ ಮುಖವನ್ನೇ ನೋಡುತ್ತಿದ್ದ.

“ನೋಡೋಕೆ ಅಂತ ಗೋಡೆ ಮೇಲೆ ಚುಕ್ಕಿ ಇಟ್ಟಿದೀವಿ.”

“ಚುಕ್ಕಿಗೆ ಕೆನ್ನೆ ಕೆಂಪಾಗಲ್ವಲ್ಲ.”

ಅಂಟು ಮೆತ್ತಿದ ಬೆರಳುಗಳನ್ನು ಅವನ ಕೂದಲಿನಿಂದ ಹಿಂತೆಗೆಯಲು ಅವಳಿಗೆ ದಿನದಿನಕ್ಕೂ ಹೆಚ್ಚು ಹೊತ್ತು ಹಿಡಿಯತೊಡಗಿತು.

ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರು ಊರಲ್ಲಿಲ್ಲದ ಒಂದು ಮಧ್ಯಾಹ್ನ ಅವಳೇ ಕೇಳಿದಳು: “ನನ್ನ ಕೈ ಹಿಡಿಯೋ ಮುಂಚೆ ನಿಮ್ಮ ತಲೇಲಿ ಏನೇಳುತ್ತೆ, ನೋಡೋಣ್ವಾ?”

ಅವನ ನೆತ್ತಿಗೆ ತಂತಿಗಳನ್ನು ಕೂಡಿಸಿ, ಬೆರಳು ತಾಕಿದ ಕ್ಷಣ ಟೇಪಿನಲ್ಲಿ ಗುರುತು ಬೀಳುವಂತೆ ಅಣಿಮಾಡಿ, ಅವಳು ತನ್ನ ಕೈಯನ್ನು ಅವನ ಕೈಯ ಪಕ್ಕದಲ್ಲಿರಿಸಿದಳು. ಇಬ್ಬರ ದೃಷ್ಟಿಯೂ ಚುಕ್ಕಿಯ ಮೇಲೆ. ಬೆರಳುಗಳು ಮತ್ತೆ ಮತ್ತೆ ಕೂಡಿದವು.

ಕಾಗದದ ಮೇಲೆ ಮೂಡಿದ್ದು ಸಪಾಟು ಗೆರೆ.

“ಯಂತ್ರ ಕೆಟ್ಟಿರಬೇಕು,” ಎಂದಳು.

“ಬೆಳಿಗ್ಗೆ ನೀವೇ ಪರೀಕ್ಷೆ ಮಾಡಿದ್ರಲ್ಲ.” ಅವನು ಕಾಗದವನ್ನು ನೀಟಾಗಿ ಮಡಚಿದ. “ಗೆರೆ ಸುಳ್ಳು ಹೇಳಲ್ಲ ರೋಸ್ವಿತಾ. ನನಗೂ ಬೇಜಾರೇ.”

ಮನುಷ್ಯರ ಮಾತಿಗಿಂತ ಸರಾಸರಿಯನ್ನು ನಂಬಬೇಕೆಂದು ಹೊಸಬರಿಗೆಲ್ಲ ಕಲಿಸುತ್ತಿದ್ದವಳು ಅವಳೇ. ನಂಬಿದಳು. ಅವನು ಊಟಕ್ಕೆ ಬೇರೆ ಮೇಜು ಹಿಡಿದಾಗಲೂ ಅವನನ್ನು ದೂರದೆ ತನ್ನನ್ನೇ ಹಳಿದುಕೊಂಡಳು: ಒಬ್ಬನ ಮಿದುಳಿನಲ್ಲಿ ಒಂದು ಸಣ್ಣ ಅಲೆಯನ್ನೂ ಎಬ್ಬಿಸಲಾರದ ಹೆಣ್ಣು!

ಶರತ್ಕಾಲದಲ್ಲಿ ಅವನು ಹ್ಯಾಂಬರ್ಗ್‌ಗೆ ಹೊರಟ. ಬೀಳ್ಕೊಡುಗೆಗೆ ಲ್ಯಾಬಿನಲ್ಲೇ ಈರುಳ್ಳಿ ಕಡುಬು, ಹೊಸ ವೈನ್. ಪ್ರೊಫೆಸರರ ಹೆಂಡತಿ ಎಲ್ಲರನ್ನೂ ಮಾತಾಡಿಸುತ್ತಾ ಬಂದರು. ಅವರೆದುರು ಫೋಲ್ಕ್‌ಮಾರ್ ತಲೆಬಾಗಿಸಿ, ಕೈಯನ್ನು ತೊಡೆಗಂಟಿಸಿಕೊಂಡು ನಿಂತ. ಆಕೆ ಕೈ ಚಾಚಿದ ಮೇಲಷ್ಟೇ ಅವನ ಕೈ ಎದ್ದಿತು. ಹೆಂಗಸು ಚಾಚುವ ಮೊದಲು ಗಂಡಸು ಕೈ ಚಾಚಬಾರದು. ಮರ್ಯಾದಸ್ಥರ ಮನೆಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ.

ರೋಸ್ವಿತಾಳ ಗ್ಲಾಸು ತುಟಿಯ ಬಳಿಯೇ ನಿಂತಿತು.

ಅವನನ್ನು ಅವಳು ಮೆಟ್ಟಿಲ ಮೇಲೆ ತಡೆದಳು. “ಅವತ್ತು ಮೊದಲು ಚಾಚಿದ್ದು ನನ್ನ ಕೈ! ನೀವು ಕಾಯ್ತಿದ್ರಿ, ನಾನೇ ನಿಮ್ಮ ಬೆರಳನ್ನ ಎತ್ತಿದೀನಿ. ಸಪಾಟು ಬರದೆ ಇನ್ನೇನು ಬರುತ್ತೆ? ಆ ಗೆರೆಗೆ ಅರ್ಥವೇ ಇಲ್ಲ ಫೋಲ್ಕ್‌ಮಾರ್!” ಅವಳು ನಗುತ್ತಿದ್ದಳು, ಕಣ್ಣು ತುಂಬಿತ್ತು.

“ಗೊತ್ತು,” ಎಂದ.

“ಯಾವಾಗಿಂದ?”

“ಅವತ್ತಿಂದಲೇ. ನನ್ನ ಬೆರಳನ್ನ ಬೇರೆಯವರು ಎತ್ತಿದ್ರೆ ನನಗೆ ಗೊತ್ತಾಗಲ್ವಾ?” ಅವನು ಕೋಟಿನ ಗುಂಡಿ ಹಾಕಿಕೊಂಡ. “ಊರಲ್ಲಿ ಗೆರ್ಲಿಂಡೆ ಅಂತ ಇದ್ದಾಳೆ, ಎರಡು ವರ್ಷದ ಹಿಂದೆಯೇ ನಿಶ್ಚಯ ಆಗಿದೆ. ನಿಮಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ. ಯಂತ್ರ ಹೇಳಿಬಿಡ್ತು. ನೀವೂ ಎಷ್ಟು ಚೆನ್ನಾಗಿ ನಂಬಿದ್ರಿ!”

“ಮತ್ತೆ ಆ ನೋಟ? ಕೆನ್ನೆ, ಚುಕ್ಕಿ?”

“ಕೂತು ಕೂತು ಬೇಜಾರಾಗ್ತಿತ್ತು.”

ಕೆಳಗೆ ಟ್ಯಾಕ್ಸಿ ಹಾರ್ನ್ ಮಾಡಿತು. ಫೋಲ್ಕ್‌ಮಾರ್ ಅಭ್ಯಾಸದಂತೆ ತಲೆಬಾಗಿಸಿ, ಅವಳ ಕೈಗಾಗಿ ಕಾಯುತ್ತಾ ನಿಂತ.

ರೋಸ್ವಿತಾಳ ನೆತ್ತಿಯ ಮೇಲೆ ಒಂದು ತಂತಿಯೂ ಇರಲಿಲ್ಲ. ಆದರೂ ಅಲೆ ಎದ್ದದ್ದು ಅವಳಿಗೆ ತಿಳಿಯಿತು. ಅಂದಿನಂತೆಯೇ ಅವಳ ಬೆರಳುಗಳು ಇಂದೂ ಅವನತ್ತ ಹೊರಟಿದ್ದವು. ಕೈಯನ್ನು ಲ್ಯಾಬಿನ ಏಪ್ರನ್ನಿನ ಜೇಬಿನೊಳಗೇ ಮುಷ್ಟಿ ಕಟ್ಟಿ ಹಿಡಿದಳು.

ಮೇಲಿಂದ ಅತಿಥಿಗಳು ಮೆಟ್ಟಿಲಿಳಿದು ಬರತೊಡಗಿದರು. ಪ್ರೊಫೆಸರರ ಹೆಂಡತಿ ಅವನ ಬಾಗಿದ ತಲೆಯನ್ನೂ, ಜೇಬಿನಲ್ಲಿದ್ದ ಅವಳ ಕೈಯನ್ನೂ ನೋಡಿ ಹುಬ್ಬೇರಿಸಿದರು.

ಟ್ಯಾಕ್ಸಿ ಮತ್ತೊಮ್ಮೆ ಕೂಗಿತು. ಅವನು ಕಾಯುತ್ತಲೇ ಇದ್ದ.