ದಯವಿಟ್ಟು ತುಂಬಿಸಿಕೊಡಿ

"ಅಯ್ಯೋ, ನಿಲ್ಸಪ್ಪಾ! ನೀರಲ್ಲ, ಮಣ್ಣು! ನಾವು ಕೇಳಿದ್ದು ಮಣ್ಣು!"

ಟೈಲರ್ ಮಾವ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಓಡಿಬಂದರು. ಅಷ್ಟರಲ್ಲಿ ನಗರಸಭೆಯ ಟ್ಯಾಂಕರಿನ ನೀರೆಲ್ಲ ಬೀದಿಯ ಕೊನೆಯ ಹೊಂಡಕ್ಕೆ ಸುರಿದಾಗಿತ್ತು. ಬಿಸಿಲಿಗೆ ಅರೆ ಒಣಗಿದ್ದ ಜೌಗು ಅದು. ಜೊಂಡಿನೊಳಗೆ ಸುಮ್ಮನಿದ್ದ ಕಪ್ಪೆಗಳೆಲ್ಲ ಒಟ್ಟಿಗೇ ಬಾಯಿ ತೆರೆದವು.

ಡ್ರೈವರ್ ಜೇಬಿನಿಂದ ಅರ್ಜಿ ತೆಗೆದು ಓದಿದ. "'ನಮ್ಮ ಬೀದಿಯ ಹೊಂಡವನ್ನು ದಯವಿಟ್ಟು ತುಂಬಿಸಿಕೊಡಿ.' ಹೊಂಡಕ್ಕೆ ನೀರು ತುಂಬಿಸದೆ ಹಾಲು ತುಂಬಿಸ್ತಾರೇನ್ರೀ?"

ನೆರೆದಿದ್ದ ಬೀದಿಯವರೆಲ್ಲ ಗುಮಾಸ್ತೆಯ ಕಡೆ ತಿರುಗಿದರು. ಗುಮಾಸ್ತೆ ಎಂದರೆ ಮಾವನ ಅಕ್ಕನ ಮಗಳು, ಐದನೆಯ ಕ್ಲಾಸು. ಅಕ್ಷರ ದುಂಡಗಿತ್ತು, ಬೀದಿಯವರ ಕಾಗದಗಳನ್ನೆಲ್ಲ ಅವಳೇ ಬರೆಯುತ್ತಿದ್ದಳು. ಸೊಳ್ಳೆಕಾಟದ ಹೊಂಡ ಮುಚ್ಚಿದರೆ ಅಲ್ಲಿ ಶಟಲ್ ಕೋರ್ಟ್ ಎಂದು ಮಾವ ಮಾತು ಕೊಟ್ಟಿದ್ದರು. ಅವಳು ಆಗಲೇ ರಾಕೆಟ್ಟಿಗೆ ಚೀಲ ಹೊಲಿಸಿಕೊಂಡಿದ್ದಳು.

"ಸ್ಪೆಲ್ಲಿಂಗ್ ಎಲ್ಲಾ ಕರೆಕ್ಟಾಗಿದೆ ಮಾವ," ಎಂದಳು ಸಣ್ಣ ದನಿಯಲ್ಲಿ.

"ಸ್ಪೆಲ್ಲಿಂಗ್ ಇಟ್ಕೊಂಡು ಏನ್ ಮಾಡ್ಲಿ? ಇನ್ನೊಂದು ಬರಿ. 'ಮಣ್ಣು' ಅಂತ ದಪ್ಪಗೆ, ಮೂರು ಸಲ!"

ಮರುದಿನ ಸ್ಕೂಲು ಬಿಟ್ಟ ಮೇಲೆ ಅವಳು ಅಂಗಡಿಯ ಮೇಜಿನ ಮೇಲೆ ಹಾಳೆ ಹರಡಿದಳು. "ಮಾನ್ಯರೇ" ಎಂದು ಬರೆದಳೋ ಇಲ್ಲವೋ, ಮಳೆ ಧೋ ಎಂದು ಹಿಡಿದುಕೊಂಡಿತು. ಬೀದಿಯ ನೀರೆಲ್ಲ ತಿರುಗಿಯೂ ನೋಡದೆ ಹೊಂಡದತ್ತ ಓಡಿತು. ಅಂಗಡಿಯ ಕೆಳಮೆಟ್ಟಿಲನ್ನೂ ಮುಟ್ಟಲಿಲ್ಲ.

ಮಳೆ ನಿಂತಾಗ ಅವಳ ಪಿ.ಟಿ. ಮೇಷ್ಟ್ರು ಬಂದರು. ಪ್ಯಾಂಟು ಮೊಣಕಾಲಿನ ಮೇಲೆ, ಶೂ ಕೈಯಲ್ಲಿ, ಕಂಕುಳಲ್ಲಿ ತೊಯ್ದ ಕೋಳಿ.

"ನಮ್ಮ ಬೀದಿ ಪೂರ್ತಿ ಮುಳುಗಿದೆ ಕಣ್ರೀ. ಮನೆಯೊಳಗೆ ನಮ್ಮಮ್ಮ ಮಂಚದ ಮೇಲೆ ಕೂತು ನನಗೇ ಬೈತಿದ್ದಾರೆ. ಇವಳನ್ನ ಸ್ವಲ್ಪ ಹೊತ್ತು ಇಟ್ಕೊಳ್ತೀರಾ?"

ಮಾವ ಕೋಳಿಯನ್ನು ಚಿಂದಿಬಟ್ಟೆಯ ಬುಟ್ಟಿಯಲ್ಲಿ ಕೂರಿಸಿದರು.

"ಸಾರ್, ನಿಮ್ಮ ಬೀದೀಲೂ ಒಂದು ಹೊಂಡ ಇತ್ತಲ್ವಾ?" ಎಂದಳು ಗುಮಾಸ್ತೆ.

"ಇತ್ತು. ಹೋದ ವರ್ಷ ಮುಚ್ಚಿ ಶಟಲ್ ಕೋರ್ಟ್ ಮಾಡಿದ್ವಿ. ಇವತ್ತು ಅಲ್ಲಿ ಈಜಬಹುದು!"

ಮೇಷ್ಟ್ರು ಅಮ್ಮನನ್ನು ಕರೆತರಲು ಓಡಿದರು. ಗುಮಾಸ್ತೆ ಬಾಗಿಲಲ್ಲಿ ನಿಂತು ಹೊಂಡವನ್ನು ನೋಡಿದಳು. ನೀರು ಇನ್ನೂ ಸದ್ದಿಲ್ಲದೆ ಜೊಂಡಿನೊಳಗೆ ಇಳಿಯುತ್ತಿತ್ತು.

"ಏನಮ್ಮಾ, ಮಣ್ಣು ಅಂತ ಬರೆದ್ಯಾ?" ಎಂದು ಮಾವ ಕೇಳಿದರು, ದನಿಯಲ್ಲಿ ನಿನ್ನೆಯ ಜೋರಿರಲಿಲ್ಲ.

"ಇಲ್ಲ ಮಾವ."

ಅವಳು ಪೆನ್ನಿಗೆ ಕ್ಯಾಪು ಹಾಕಿ, ಆ ಹಾಳೆಯನ್ನು ಮಡಿಸಿ ಕೋಳಿಯ ಕೆಳಗೆ ಹಾಸಿದಳು.